ಪಾಬಳದಲ್ಲೊಂದು ಸೆಲ್ಫಿ ಪಾಯಿಂಟ್

ಶಿರೂರು ಎಂದೊಡನೆ ನಮ್ಮವರಿಗೆ ಉಡುಪಿಯ ಮಠ ನೆನಪಾಗುತ್ತದೆ, ಇಲ್ಲವೇ ಅಂಕೋಲಾದ ಗುಡ್ಡ ಕುಸಿತ. ನಾನು ಹೇಳಹೊರಟಿರುವುದು ಪುಣೆ ಜಿಲ್ಲೆಯ, ಘೋಡ್ ನದಿ ದಂಡೆಯ ಶಿರೂರಿನ ಕಥೆ. ಪುಣೆಯಿಂದ ಅಹಮದನಗರಕ್ಕೆ, ಕ್ಷಮಿಸಿ, ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತದೆ. ಈ ತಾಲ್ಲೂಕಿನ ಪಾಬಳ ಎಂಬ ಹಳ್ಳಿಯಲ್ಲಿ ಮಸ್ತಾನಿಯನ್ನು ಮಣ್ಣು ಮಾಡಿದ್ದಾರೆ.

ಪ್ರವಾಸೋದ್ಯಮದವರಿಗೆ ಇದಕ್ಕಿಂತ ಸಲೀಸಾದ ಸರಕು ಎಲ್ಲಿ ಸಿಕ್ಕೀತು? ಬುಂದೇಲಖಂಡದ ಛತ್ರಸಾಲನ ಮಗಳು, ಪೇಶ್ವೆ ಬಾಜಿರಾಯನ ಪ್ರೇಯಸಿ. 1740ರಲ್ಲಿ ಅವನು ನರ್ಮದೆಯ ದಡದಲ್ಲಿ ಕಣ್ಣುಮುಚ್ಚಿದ ಬೆನ್ನಿಗೇ ಇವಳೂ ಹೋದಳು. 2015ರಲ್ಲಿ ಭನ್ಸಾಲಿ ಸಾಹೇಬರು ನಮ್ಮ ಪಡುಕೋಣೆ ದೀಪಿಕಾಳನ್ನು ಮಸ್ತಾನಿಯಾಗಿಸಿ, ಸಿನಿಮಾದ ಕನ್ನಡಿ ಮಹಲಿನಲ್ಲಿ ಕುಣಿಸಿ, ಪುಕ್ಕಟೆ ಜಾಹೀರಾತನ್ನೂ ಮಾಡಿಕೊಟ್ಟರು. ಪುಣೆಯಲ್ಲಂತೂ ಹಾಲು, ಮಾವು, ಮೇಲೊಂದು ಗುಡ್ಡೆ ಐಸ್‌ಕ್ರೀಮ್ ಹಾಕಿದ ಉದ್ದನೆಯ ಗ್ಲಾಸಿಗೆ ಮಸ್ತಾನಿ ಎಂದೇ ಹೆಸರು. ಊರಿಗೆ ಬಂದವರೆಲ್ಲ ಅವಳನ್ನು ಸ್ಟ್ರಾ ಹಾಕಿ ಹೀರಿ ಹೋಗುತ್ತಾರೆ. ಪಾಬಳದ ಹಾದಿ ಹಿಡಿಯುವವರು ಎಷ್ಟು ಮಂದಿಯೋ.

ತೊಡಕಿರುವುದು ಇಲಾಖೆಯ ಫೈಲಿನಲ್ಲಿ. ಮಸ್ತಾನಿಯ ಅಪ್ಪ ರಜಪೂತ ರಾಜ, ಅಮ್ಮ ಮುಸ್ಲಿಮಳೆಂದು ಪ್ರತೀತಿ. ಅವಳ ಗೋರಿಯ ಕಲ್ಲಿಗೆ ಕೆಲವರು ಹೂವಿಡುತ್ತಾರೆ, ಕೆಲವರು ಚಾದರ ಹೊದಿಸುತ್ತಾರೆ. ಅವಳ ಮಗನಿಗೆ ಜನಿವಾರ ಹಾಕಲು ಪುಣೆಯ ಪುರೋಹಿತರು ಒಪ್ಪಲಿಲ್ಲ; ಅವನು ಶಂಶೇರ್ ಬಹಾದ್ದೂರನಾಗಿ, 1761ರಲ್ಲಿ ಪಾಣಿಪತ್ತಿನಲ್ಲಿ ಮರಾಠರ ಪರವಾಗಿಯೇ ಕಾದಾಡಿ ಗಾಯಗೊಂಡು, ಆಮೇಲೆ ಸತ್ತ. ಇಂಥ ಸಂಸಾರವನ್ನು ಬ್ರೋಷರಿನ ಯಾವ ಪುಟಕ್ಕೆ ಹಾಕುವುದು? ತೀರ್ಥಕ್ಷೇತ್ರ ಎಂದರೆ ಒಬ್ಬರಿಗೆ ಸಿಟ್ಟು, ದರ್ಗಾ ಎಂದರೆ ಇನ್ನೊಬ್ಬರಿಗೆ. ಪ್ರೇಮಸ್ಮಾರಕ ಎಂದುಬಿಟ್ಟರೆ ಇಬ್ಬರಿಗೂ.

ಇಂಥ ಫೈಲಿಗೊಂದು ಸಮಿತಿ ಮಾಡಿದಮೇಲೆ ಪರಿಹಾರ ಇದ್ದೇ ಇರುತ್ತದೆ: ಊರಬಾಗಿಲಿಗೆ ಸಿಮೆಂಟಿನ ಮಹಾದ್ವಾರ, ಅದರ ಮೇಲೆ ಗೋರಿಗಿಂತ ದೊಡ್ಡದಾಗಿ ಶಾಸಕರ ಹೆಸರು. ಕೆಂಪು ಹೃದಯ ಸೇರಿಸಿದ ‘ಐ ಲವ್ ಪಾಬಳ’. ಸಾದಾ ಕಲ್ಲು ಫೋಟೋದಲ್ಲಿ ಮೆರೆಯುವುದಿಲ್ಲವಾದ್ದರಿಂದ ಬ್ರೋಷರಿಗೆ ದೀಪಿಕಾಳ ಚಿತ್ರ. ಶೌಚಾಲಯ ಎರಡನೇ ಹಂತದಲ್ಲಿ.

ಅದೇ ಸೀಮೆಯಲ್ಲಿ ಜನ ತಾವಾಗಿಯೇ ಹೋಗುವ ಜಾಗಗಳ ಕಥೆ ಬೇರೆ. ಶಿರೂರಿನ ದಂಡು ಪ್ರದೇಶದಲ್ಲಿ 1809ರಲ್ಲಿ ಸತ್ತ ಕರ್ನಲ್ ವ್ಯಾಲೆಸ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಸುತ್ತಲಿನ ರೈತರು ‘ಸತ್ಪುರುಷ’ ಎಂದು ಕರೆದು, ಅವನ ಗೋರಿಗೆ ಹೊಸ ಫಸಲಿನ ಕಾಳು ನೈವೇದ್ಯ ಮಾಡುತ್ತಿದ್ದರಂತೆ. ಹಳೆಯ ಬಾಂಬೆ ಗೆಜೆಟಿಯರಿನಲ್ಲಿ ದಾಖಲಾಗಿದೆ. ಯಾವ ಇಲಾಖೆಯೂ ಅದಕ್ಕೆ ಕರಪತ್ರ ಹಂಚಿರಲಿಲ್ಲ.

ಇನ್ನು ಭೀಮಾ ಕೋರೆಗಾಂವ್. ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಸ್ಟಾಂಟನ್ನನ ತುಕಡಿ 1817ರ ಕೊನೆಯ ರಾತ್ರಿ ಇದೇ ಶಿರೂರಿನಿಂದ ನಡೆದು, ಮರುದಿನ ಅಲ್ಲಿ ಪೇಶ್ವೆಯ ಸೈನ್ಯವನ್ನು ಎದುರಿಸಿತು. ಕಂಪನಿ ಸರ್ಕಾರ ತನ್ನ ಹೆಗ್ಗಳಿಕೆಗೆ ಒಂದು ಕಂಬ ನೆಟ್ಟಿತು. ಅದರಲ್ಲಿ ತುಕಡಿಯ ದಲಿತ ಮಹಾರ್ ಸೈನಿಕರ ಹೆಸರುಗಳೂ ಇದ್ದವು. 1927ರ ಜನವರಿ 1ರಂದು ಅಂಬೇಡ್ಕರ್ ಬಂದು ಅದರ ಮುಂದೆ ನಿಂತರು. ಕಂಪನಿ ಮುಳುಗಿ ಎಷ್ಟೋ ಕಾಲವಾಯಿತು, ಕಂಬ ಈಗ ಬೇರೆಯವರದು. 2018ರ ಗಲಭೆಯ ಕಲ್ಲು, ಬೆಂಕಿಯ ನಂತರವೂ ಪ್ರತಿ ಹೊಸವರ್ಷಕ್ಕೆ ಲಕ್ಷಗಟ್ಟಲೆ ಜನ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಅವರನ್ನು ಪ್ರವಾಸಿಗರ ಲೆಕ್ಕಕ್ಕೆ ಸೇರಿಸಲು ಮಾತ್ರ ಯಾರಿಗೂ ಮನಸ್ಸಿಲ್ಲ. ಅವರು ‘ಬಂದೋಬಸ್ತಿ’ನ ಲೆಕ್ಕ.

ಮಸ್ತಾನಿಗೆ ಈ ಭಾಗ್ಯವಿಲ್ಲ. ನಮ್ಮವಳು ಎಂದು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಬರುವ ಜಾತಿ ಅವಳಿಗಿಲ್ಲ, ಹಾಗಾಗಿ ಓಟೂ ಇಲ್ಲ. ಮಹಾದ್ವಾರ ಬಿಟ್ಟರೆ ಅವಳಿಗೆ ಇನ್ನೇನು ಕೊಟ್ಟಾರು?

ಮರಾಠಿಗರ ಪಾಡು ನೋಡಿ ನಗುವ ಕನ್ನಡಿಗರಿಗೆ ಒಂದು ವಿನಂತಿ. ಶಿವಾಜಿಯ ಅಪ್ಪ ಶಹಾಜಿ 1664ರಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಸತ್ತದ್ದು ನಮ್ಮ ನೆಲದಲ್ಲೇ. ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ನಗುವ ಮೊದಲು, ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಯಾರಾದರೂ ಹೇಳಿಬಿಡಿ.