ಕಣ್ಣಿಗೆ ಬೀಳುವ ಸಾಲ

ಸಾಲ ತೀರಿಸುವವರೆಲ್ಲ ಬಡ್ಡಿಗೆ ಹೆದರಿ ತೀರಿಸುತ್ತಾರೆ ಅಂತ ನಂಬಿರುವವರು ಒಮ್ಮೆ ತಾಳಗುಂದಕ್ಕೆ ಬಂದು ನಮ್ಮ ಹಿತ್ತಿಲ ಬೇಲಿ ಹತ್ತಿರ ನಿಲ್ಲಬೇಕು. ಬೇಲಿ ಅಂದರೆ ಅಂಥಾ ಘನವಾದದ್ದೇನಲ್ಲ. ನಾಲ್ಕು ದಾಸವಾಳ, ಒಂದಿಷ್ಟು ಗೊಬ್ಬರದ ಗಿಡ, ನಡುವೆ ಕೋಳಿ ನುಸುಳುವಷ್ಟು ಸಂದು. ಆ ಸಂದಿನಲ್ಲಿ ಕರಿಬೇವು ಈಚೆ ಬರುತ್ತದೆ, ಮಜ್ಜಿಗೆ ಆಚೆ ಹೋಗುತ್ತದೆ, ಊರಿನ ಸಾಲದ ಲೆಕ್ಕ ಎರಡೂ ಕಡೆ ಓಡಾಡುತ್ತದೆ. ಯಾರ ಮನೆ ಚಿನ್ನ ಯಾವ ಬ್ಯಾಂಕಿನಲ್ಲಿ ಮಲಗಿದೆ ಅನ್ನುವುದು ಆಚೆ ಮನೆಯ ಅಕ್ಕನಿಗೆ ಬ್ಯಾಂಕಿನವರಿಗಿಂತ ಚೆನ್ನಾಗಿ ಗೊತ್ತು.

ಗೊತ್ತಿರದೆ ಏನು, ಅಕ್ಕನ ಬೋರಮಾಳ ಸರವೂ ಅಲ್ಲೇ ಮಲಗಿ ಬಂದಿದೆ. ಹೋದದ್ದು ಶುಂಠಿ ಬೀಜದ ನೆಪದಲ್ಲಿ. ಶುಂಠಿಯ ಸ್ವಭಾವವೇ ಹಾಗೆ. ಬೀಜ, ಗೊಬ್ಬರ, ಹೊದಿಕೆ, ಔಷಧಿ, ಆಳು ಎಲ್ಲದಕ್ಕೂ ಮುಂಚೆಯೇ ದುಡ್ಡು ಇಡಿಸಿಕೊಂಡು, ಕೊಳೆರೋಗ ಬಂದರೆ ಒಂದು ವಾರದಲ್ಲಿ ಮಣ್ಣೊಳಗೇ ಕರಗಿಹೋಗುತ್ತದೆ. ಉಳಿದು ಬಂದರೆ 60 ಕೆಜಿ ಚೀಲದ ಮೇಲೆ ರೇಟು. 2023ರಲ್ಲಿ ಹಿಂದೆಂದೂ ಕಾಣದ ರೇಟು ಬಂತು. ಅದನ್ನು ನೋಡಿ ಶಿಕಾರಿಪುರ, ಸೊರಬ ಎರಡೂ ತಾಲೂಕಿನಲ್ಲಿ ಗದ್ದೆ ಇದ್ದವರೂ ಹಾಕಿದರು, ಗುತ್ತಿಗೆಗೆ ಹಿಡಿದವರೂ ಹಾಕಿದರು. ಆಮೇಲೆ ರೇಟು ಇಳಿಯಿತು, ಸರಗಳು ಬ್ಯಾಂಕಿನಲ್ಲೇ ಉಳಿದವು.

ಚಿನ್ನದ ಸಾಲದ ಬಡ್ಡಿ ಅಷ್ಟೇನೂ ಭಾರವಲ್ಲ, ತಿಂಗಳಿಗೆ ನೂರಕ್ಕೆ ಮುಕ್ಕಾಲು ರೂಪಾಯಿ ಆಸುಪಾಸು. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ, ಕಾಗದ ಬದಲಾಯಿಸಿ ಬಂದರೆ ಆಯಿತು. ಅಕ್ಕನೂ ಹಾಗೆಯೇ ಮಾಡುತ್ತಿದ್ದರು. ಹಾಗಿದ್ದ ಮೇಲೆ ಒಂದು ವರ್ಷ ಹಟ ಹಿಡಿದು ಬಿಡಿಸಿಕೊಂಡು ಬಂದದ್ದು ಯಾಕೆ?

“ಮದುವೆ ಮನೇಲಿ ಒಬ್ಬಾಕಿ ಕೇಳಿದ್ಲು ತಂಗಿ, ಸರ ಎಲ್ಲಿ ಅಂತ. ಭಾರ ಆಗ್ತೈತೆ, ಕತ್ತು ನೋಯ್ತೈತೆ, ಅದಕ್ಕೆ ಹಾಕ್ಕೊಳ್ಳಲ್ಲ ಅಂದೆ. ಮುಂದಿನ ಮದುವೇಲಿ ಇನ್ನೊಬ್ಬಾಕಿ ಕೇಳಿದ್ಲು. ಅದೇ ಸುಳ್ಳು. ಹೇಳಿ ಹೇಳಿ ಕತ್ತು ಖರೇನೇ ನೋಯಾಕೆ ಶುರುವಾತು ನೋಡು!”

ಬ್ಯಾಂಕು ಕಳಿಸಿದ ನೋಟಿಸು ಮಾಡಲಾಗದ್ದನ್ನು ಒಂದು ಕತ್ತುನೋವು ಮಾಡಿತು. ಆ ವರ್ಷ ಅಡಿಕೆ ದುಡ್ಡು ಬಂದ ದಿನವೇ ಅಕ್ಕ ಶಿರಾಳಕೊಪ್ಪದ ಬಸ್ಸು ಹತ್ತಿದ್ದರು.

ಅಲ್ಲಿಂದ ನನಗೊಂದು ಚಟ ಹತ್ತಿತು. ಸಾಲ ತೀರಿಸಿದೆ ಅಂದವರನ್ನು ‘ಎಷ್ಟು’ ಅಂತ ಕೇಳುವುದು ಬಿಟ್ಟು ‘ಯಾಕೆ’ ಅಂತ ಕೇಳುತ್ತೇನೆ. ಕೆಳಗಿನ ಕೇರಿಯ ಮಾವನೊಬ್ಬರು ಶಿರಾಳಕೊಪ್ಪದ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬೆಳೆಸಿಕೊಂಡಿದ್ದರು. ಅಂಗಡಿ ಎದುರಿನ ಹೋಟ್ಲಿನ ಚಹಾ ಅಂದರೆ ಅವರಿಗೆ ಪ್ರಾಣ. ಉದ್ರಿ ಬೆಳೆದಂತೆಲ್ಲ ಆ ರಸ್ತೆ ತಪ್ಪಿಸಿ ಹಿಂದಿನ ಓಣಿ ಹಿಡಿದು ಬಸ್‌ಸ್ಟ್ಯಾಂಡು ಸೇರತೊಡಗಿದರು. ಅಂಗಡಿಯವನು ಒಂದು ದಿನವೂ ಬಾಯಿಬಿಟ್ಟು ಕೇಳಿದವನಲ್ಲ. ಸಿಕ್ಕಾಗ ‘ಬರ್ರಿ ಗೌಡ್ರೆ, ಕುಂದರ್ರಿ’ ಅನ್ನುತ್ತಿದ್ದನಂತೆ, ಅದೇ ತಡೆಯಲಾಗುತ್ತಿರಲಿಲ್ಲವಂತೆ. ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಉದ್ರಿ ಚುಕ್ತಾ ಮಾಡಿ, ಎದುರಿನ ಹೋಟ್ಲಲ್ಲಿ ರಸ್ತೆಗೆ ಮುಖ ಹಾಕಿ ಕೂತು ಎರಡು ಚಹಾ ಕುಡಿದರಂತೆ. ಅದೇ ಹೊತ್ತಿಗೆ ಅವರಿಗೆ ಇದರ ಎರಡರಷ್ಟು ಬಡ್ಡಿಯ ಇನ್ನೊಂದು ಸಾಲವಿತ್ತು. ಅದು ಹಾಗೇ ಇತ್ತು. ಅದನ್ನು ಕೊಟ್ಟವರು ದೂರದೂರಿನವರು, ಚಹಾಕ್ಕೆ ಅಡ್ಡಬಂದವರಲ್ಲ.

ಇದನ್ನು ಬುದ್ಧಿವಂತಿಕೆ ಅಂತ ಯಾವ ಬ್ಯಾಂಕಿನ ಮ್ಯಾನೇಜರೂ ಒಪ್ಪಲಿಕ್ಕಿಲ್ಲ. ಲೆಕ್ಕ ಬಲ್ಲವರು ಹೇಳುವುದು ಹೆಚ್ಚು ಬಡ್ಡಿಯದ್ದನ್ನು ಮೊದಲು ತೀರಿಸಿ ಅಂತ. ಅಮೆರಿಕದಲ್ಲಿ ಡೇವ್ ರ‍್ಯಾಮ್ಸೆ ಅಂತ ಒಬ್ಬರು ಸಾಲ ಬಿಡಿಸುವ ಉಪದೇಶದಿಂದಲೇ ಹೆಸರು ಮಾಡಿದ್ದಾರೆ. ಅವರ ಪ್ರಕಾರ ಬಡ್ಡಿ ಎಷ್ಟಾದರೂ ಇರಲಿ, ಎಲ್ಲಕ್ಕಿಂತ ಚಿಕ್ಕ ಸಾಲ ಮೊದಲು. ಒಂದು ತೀರಿದರೆ ಇನ್ನೊಂದಕ್ಕೆ ಉಮೇದು ಬರುತ್ತದೆ ಅನ್ನುವುದು ಅವರ ವಾದ. ನಾನು ಇಬ್ಬರ ಮಾತನ್ನೂ ಅಕ್ಕನ ಮುಂದೆ ಇಟ್ಟೆ. ಅಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ತೀರ್ಪು ಕೊಟ್ಟರು: “ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ ಬಿಡು. ಕಣ್ಣಿಗೆ ಬೀಳೋ ಸಾಲ ಮೊದಲು.”

ಮುಖ ಉಳಿಸಿಕೊಳ್ಳುವ ಹಟ ನಮ್ಮೂರಿನ ಮಣ್ಣಿನಲ್ಲೇ ಇದೆಯೇನೋ. ಪ್ರಣವೇಶ್ವರ ಗುಡಿಯ ಮುಂದಿನ ಕಂಬ ಹೇಳುವುದೂ ಅಂಥದ್ದೇ ಕಥೆ. ಐದನೇ ಶತಮಾನದಲ್ಲಿ ಕುಬ್ಜನೆಂಬ ಕವಿ ಬರೆದ ಶಾಸನ ಅದು. ಇಲ್ಲಿಂದ ಕಂಚಿಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಆ ಅವಮಾನ ನುಂಗಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಹುಟ್ಟಿತು. ಮುಂದೆ ಅದೇ ವಂಶದ ಕಾಕುಸ್ಥವರ್ಮ ಗುಡಿಗೆ ಕೆರೆ ಕಟ್ಟಿಸಿದ್ದೂ ಆ ಕಂಬದಲ್ಲಿದೆ. “ಕೆರೆ ಕಟ್ಟಿಸಿದ್ದಕ್ಕೆ ಕಲ್ಲು ಬರೆಸ್ತಾರೆ. ಸಾಲ ತೀರಿಸಿದ್ದಕ್ಕೆ ಯಾವನು ಬರೆಸ್ತಾನೆ?” ಅನ್ನುವುದು ಅಕ್ಕನ ತಕರಾರು.

ಸಾಲ ಮಾಡಿದ್ದಕ್ಕಾದರೆ ಶಾಸನ ಉಂಟು. ಪಹಣಿ ತೆಗೆಸಿ ನೋಡಿ, 11ನೇ ಕಾಲಂ. ಯಾವ ಸೊಸೈಟಿಗೆ, ಯಾವ ಬ್ಯಾಂಕಿಗೆ ಈ ಜಮೀನು ಆಧಾರ, ಎಷ್ಟು ಮೊತ್ತಕ್ಕೆ ಅನ್ನುವುದು ಅಲ್ಲಿ ದಾಖಲು. ಸಾಲ ತೀರಿಸಿದರೂ ಅದು ತಾನಾಗಿ ಅಳಿಯುವುದಿಲ್ಲ. ಬಾಕಿ ಇಲ್ಲವೆಂಬ ಪತ್ರ ತಂದು, ಅರ್ಜಿ ಕೊಟ್ಟು, ಬೋಜಾ ಅನ್ನುವ ಆ ಸಾಲದ ನಮೂದು ತೆಗೆಸಬೇಕು. ನಮ್ಮ ಸಂಬಂಧದ ಅಜ್ಜರೊಬ್ಬರಿಗೆ ಮಕ್ಕಳಿಗೆ ಪಾಲು ಮಾಡಿಕೊಡುವ ಮುಂಚೆ ಆ ಕಾಲಂ ಖಾಲಿ ಇರಬೇಕು ಅನ್ನುವುದೊಂದೇ ಆಸೆ. ‘ನಮ್ಮಪ್ಪ ನನಗೆ ಬರೀ ಭೂಮಿ ಕೊಟ್ಟ, ನಾನು ಸಾಲ ಬರೆದ ಭೂಮಿ ಕೊಡಬೇಕೇನು?’ ಅನ್ನುತ್ತಿದ್ದರು. ಬೋಜಾ ತೆಗೆಸಿದ ಮೇಲೆ ಹೊಸ ಪಹಣಿಯನ್ನು ಮದುವೆ ಕಾಗದ ಕೊಡುವ ಹಾಗೆ ಮನೆ ಮನೆಗೆ ತೋರಿಸಿ ಬಂದರು. ಅದರಲ್ಲಿ ತೋರಿಸಲು ಇದ್ದದ್ದು ಖಾಲಿ ಜಾಗ.

ಮೈಕ್ರೋಫೈನಾನ್ಸಿನವರಿಂದ ಗುಂಪಿನ ಸಾಲ ತೆಗೆದುಕೊಂಡ ಹೆಂಗಸರ ಕಾರಣ ಬೇರೆ. ಒತ್ತಾಯದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಬರೆಯಿತು. ಅದಕ್ಕೂ ಮುಂಚೆ, 2022ರಲ್ಲೇ ರಿಸರ್ವ್ ಬ್ಯಾಂಕಿನ ನಿಯಮ ಬಂದಿತ್ತು: ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ, ಒಂದು ಮನೆಯ ಎಲ್ಲ ಕಂತು ಸೇರಿದರೂ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಕಾಗದದಲ್ಲಿ ಎಲ್ಲ ಇದೆ. ಆದರೆ ಗುಂಪಿನಲ್ಲಿ ಕಾಡುವುದು ವಸೂಲಿಯವನಿಗಿಂತ ಪಕ್ಕದಲ್ಲಿ ಕೂತ ಗೆಳತಿ. ನೀನು ಕಟ್ಟದಿದ್ದರೆ ಅವಳು ಕಟ್ಟಬೇಕು, ಅವಳ ಮನೆ ಕಷ್ಟ ನಿನಗೆ ಗೊತ್ತು. ಹಾಲು ಕರೆದು ಡೇರಿಗೆ ಹಾಕುವ ನನ್ನ ವಾರಗಿತ್ತಿಗೆ ಮಂಗಳವಾರದ ಕಂತು. ಸೋಮವಾರ ರಾತ್ರಿ ನಿದ್ದೆಯಿಲ್ಲ, ಮಂಗಳವಾರ ಯಾವ ಊರಿಗೂ ಹೋಗುವಂತಿಲ್ಲ. ಕೊನೆಯ ಕಂತು ಕಟ್ಟಿದ ಮರುವಾರ, ಹೊಸ ಸಾಲ ಕೊಡುತ್ತೇವೆ ಅಂದರೂ ಬೇಡವೆಂದು, ಮಂಗಳವಾರವೇ ನೋಡಿ ತವರಿಗೆ ಹೋದಳು. ಯಾಕೆ ಬಂದೆ ಅಂತ ತಾಯಿ ಕೇಳಿದರೆ ‘ಇವತ್ತು ಮಂಗಳವಾರ’ ಅಂದಳಂತೆ. ತಾಯಿಗೆ ಏನೂ ತಿಳಿಯಲಿಲ್ಲ.

ಇನ್ನು ಸೊಸೈಟಿ ಸಾಲದ ತಮಾಷೆ. ಬೆಳೆ ಸಾಲ ಶೂನ್ಯ ಬಡ್ಡಿಯದು. 3 ಲಕ್ಷದವರೆಗೆ ಇದ್ದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಗಡುವಿನೊಳಗೆ ಅಸಲು ಕಟ್ಟಿದರೆ ಬಡ್ಡಿಯಿಲ್ಲ, ತಪ್ಪಿದರೆ ಬಡ್ಡಿ ಉಂಟು. ಗಡುವಿನ ಹೊತ್ತಿಗೆ ಕೈಯಲ್ಲಿ ದುಡ್ಡಿರುವ ರೈತ ಎಲ್ಲಿ ಸಿಗುತ್ತಾನೆ? ಎಂಟು ದಿನಕ್ಕೆ ಕೈಗಡ ತಂದು ಕಟ್ಟುತ್ತಾನೆ, ಹೊಸ ಸಾಲ ಎತ್ತುತ್ತಾನೆ, ಕೈಗಡ ತೀರಿಸುತ್ತಾನೆ. ಆ ಎಂಟು ದಿನಕ್ಕೆ ನೂರಕ್ಕೆ ಎರಡೋ ಮೂರೋ ರೂಪಾಯಿ. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಬಡ್ಡಿ ಕಟ್ಟುವ ಈ ವಿದ್ಯೆ ನಮಗೆ ಯಾರೂ ಹೇಳಿಕೊಟ್ಟದ್ದಲ್ಲ.

‘ಮನ್ನಾ ಮಾಡ್ತಾರೆ, ತಡೀರಿ’ ಅನ್ನುವ ಪಂಗಡವೂ ಊರಲ್ಲಿದೆ. ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ, ಹೀಗೆ ಎರಡು ತಾಲೂಕಿನಿಂದ ಇಬ್ಬರು ಮುಖ್ಯಮಂತ್ರಿಗಳನ್ನು ಕಂಡ ಸೀಮೆಗೆ ಭರವಸೆ ಸ್ವಲ್ಪ ಜಾಸ್ತಿಯೇ. 2018ರಲ್ಲಿ ಕುಮಾರಸ್ವಾಮಿಯವರು ಮನ್ನಾ ಘೋಷಿಸಿದಾಗ ಗಡುವಿನಲ್ಲಿ ಕಟ್ಟಿದ್ದವರು ಪೆಚ್ಚಾದದ್ದನ್ನೂ ನೋಡಿದ್ದೇವೆ. ಅಕ್ಕನ ಅತ್ತೆಯದು ಇನ್ನೂ ಹಳೆಯ ಕಥೆ. ಮುಖ್ಯಮಂತ್ರಿ ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯ್ದೆ ಬಡವರ ಖಾಸಗಿ ಸಾಲವನ್ನೇ ರದ್ದು ಮಾಡಿ, ಅಡವಿಟ್ಟ ವಸ್ತು ವಾಪಸು ಕೊಡಿಸಿತು. ಅತ್ತೆಯ ತಾಮ್ರದ ಹಂಡೆ ಮನೆಗೆ ಬಂತು. ಆದರೆ ಮುಂದಿನ ಮಳೆಗಾಲಕ್ಕೆ ಬಿತ್ತನೆ ಭತ್ತ ಕೇಳಲು ಅದೇ ಸಾಹುಕಾರರ ಮನೆಗೆ ಹೋದರೆ, ‘ಸರ್ಕಾರದ ಹತ್ತಿರ ಕೇಳವ್ವ’ ಅಂದರಂತೆ. “ಸಾಲ ಹೋತು, ಹಂಡೆ ಬಂತು. ಅವರ ಕಟ್ಟೆ ಮಾತ್ರ ಮತ್ತೆ ಹತ್ತಾಕಾಗ್ಲಿಲ್ಲ ಅಂತಿದ್ರು ನಮ್ಮತ್ತೆ,” ಅಂದರು ಅಕ್ಕ.

ಎಲ್ಲ ಸರಿ, ಮುಖವೇ ಇಲ್ಲದ ಸಾಲಕ್ಕೆ ಏನು ಮಾಡುವುದು ಅಂತ ನಾನು ಪಟ್ಟು ಹಾಕಿದೆ. ಅಕ್ಕನ ತಂಗಿಯ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಕೈತುಂಬ ಸಂಬಳ, ಜೇಬು ತುಂಬ ಕ್ರೆಡಿಟ್ ಕಾರ್ಡು. ಹಬ್ಬಕ್ಕೆ ಬಂದವನನ್ನು ಕೇಳಿದರೆ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದ. ನಮ್ಮ ಭಾಷೆಯಲ್ಲಿ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 42! ಲೇವಾದೇವಿಗಾರ ಅಡವಿಟ್ಟ ಸಾಲಕ್ಕೆ ವರ್ಷಕ್ಕೆ 14, ಅಡವಿಲ್ಲದ್ದಕ್ಕೆ 16ಕ್ಕಿಂತ ಹೆಚ್ಚು ಕೇಳಬಾರದು ಅಂತ ರಾಜ್ಯದಲ್ಲಿ ಮಿತಿ ಹಾಕಿದ್ದಾರೆ. ನಮ್ಮೂರಲ್ಲಿ ಮೂರೂವರೆ ಕೇಳುವವನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಬೆಂಗಳೂರಲ್ಲಿ ಅದನ್ನೇ ಹೊಳೆಯುವ ಕಾರ್ಡಿನಲ್ಲಿ ಕೊಟ್ಟು, ಮೇಲೆ ಸಿನಿಮಾ ಟಿಕೆಟ್ಟಿಗೆ ರಿಯಾಯಿತಿ ಬೇರೆ. ಹುಡುಗನಿಗೆ ತಪ್ಪಿಸಿ ಓಡಾಡಲು ಅಂಗಡಿಯಿಲ್ಲ, ಸುಳ್ಳು ಹೇಳಲು ಮದುವೆ ಮನೆಯಿಲ್ಲ. ಮತ್ತೆ ತೀರಿಸುವುದಾದರೂ ಯಾಕೆ?

ಅಕ್ಕ ಅವನಿಗೆ ಉಪದೇಶ ಮಾಡಲಿಲ್ಲ. “ತಿಂಗಳಾ ಒಂದನೇ ತಾರೀಖು ನನಗೆ ಫೋನ್ ಮಾಡು. ಎಷ್ಟು ಬಾಕಿ ಐತೆ ಅಂತ ಹೇಳು, ಅಷ್ಟೇ. ನಾ ಏನೂ ಅನ್ನಲ್ಲ,” ಅಂದರು. ಏನೂ ಅನ್ನಲಿಲ್ಲ ಕೂಡ. ಮೊದಲ ತಿಂಗಳು ‘ಹ್ಞೂಂ’ ಅಂದರು, ಎರಡನೇ ತಿಂಗಳೂ ‘ಹ್ಞೂಂ’ ಅಂದರು. ಆ ‘ಹ್ಞೂಂ’ ಕೇಳಲಾರದೆ ಹುಡುಗ ಹೋಟೆಲ್ಲಿನಿಂದ ಊಟ ತರಿಸುವುದು ಕಡಿಮೆ ಮಾಡಿದ, ಆಮೇಲೆ ಒಂದು ಕಾರ್ಡು ಮುರಿದ. ಈಗ ಬೇಡದ ಕೆಲಸಕ್ಕೆ ಬೇಡ ಅನ್ನುವಷ್ಟು ಧೈರ್ಯ ಬಂದಿದೆಯಂತೆ. ಬಾಕಿ ಇದ್ದಾಗ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದನಂತೆ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಅಕ್ಕ ಮುಟ್ಟುವುದಿಲ್ಲ. ಬಂದದ್ದು ಖಾತೆಯಲ್ಲೇ ಇರುತ್ತದೆ. ಚಿನ್ನ ಮನೆಯಲ್ಲಿದೆ, ಅಂಗಡಿಯ ಉದ್ರಿಯಿಲ್ಲ. ಇಷ್ಟಾದರೂ ಸೊಸೈಟಿಯಲ್ಲಿ ಒಂದು ಸಣ್ಣ ಬೆಳೆ ಸಾಲವನ್ನು ವರ್ಷ ವರ್ಷ ಹೊಸದು ಮಾಡಿಸುತ್ತಾರೆ. ದುಡ್ಡಿದ್ದೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದೆ.

“ಸಾಲ ಇಲ್ಲ ಅಂತ ಊರಿಗೆ ಗೊತ್ತಾದ್ರೆ ಮುಗೀತು ತಂಗಿ. ಬೆಳಗಾದ್ರೆ ಕೈಗಡ ಕೇಳಾಕೆ ಬರ್ತಾರೆ. ಇಲ್ಲ ಅಂದ್ರೆ ಮುಖ ಕೆಡ್ತೈತೆ, ಕೊಟ್ರೆ ದುಡ್ಡೂ ಕೆಡ್ತೈತೆ, ಅವರು ನಮ್ಮ ಬಾಗ್ಲು ತಪ್ಪಿಸಿ ಓಡಾಡ್ತಾರೆ. ಅದಕ್ಕೆ ಬಡ್ಡಿ ಇಲ್ಲದ್ದು ಒಂದು ಇಟ್ಕೊಂಡೀನಿ. ನಮಗೇ ಸೊಸೈಟಿದು ತೀರಿಲ್ಲ ನೋಡ್ರಿ ಅಂತ ಹೇಳಾಕೆ ಬರ್ತೈತಲ್ಲ!”

ಮುಂದಿನ ವಾರ ನಾನೂ ಸೊಸೈಟಿಗೆ ಹೋಗಿ ಅರ್ಜಿ ತರುವವಳಿದ್ದೇನೆ.