ಸಂಗಡಿಗರ ವಂಶವೃಕ್ಷ

ಹಾಡಿದವರ ಹೆಸರು ತಿಳಿದ ಮೇಲೆ ಪಕ್ಕದಲ್ಲಿ ಕುಳಿತು ನುಡಿಸಿದವರು ಯಾರೆಂದು ಕೇಳುವ, ಅದೂ ತಿಳಿದ ಮೇಲೆ ಅವರ ಬೆನ್ನ ಹಿಂದೆ ತಂಬೂರಿ ಮೀಟಿದವರನ್ನು ವಿಚಾರಿಸುವ ಒಂದು ವರ್ಗದ ಮನುಷ್ಯರು ಕನ್ನಡ ನಾಡಿನ ಸಣ್ಣ ಊರುಗಳಲ್ಲಿ ವಿರಳವಾಗಿಯಾದರೂ ಖಚಿತವಾಗಿ ಸಿಗುತ್ತಾರೆ. ಇವರನ್ನು ಸಂಗಡಿಗಶೋಧಕರು ಎಂದು ಕರೆಯುವುದು ಯುಕ್ತ. ರೇಡಿಯೋ ಪ್ರಕಟಣೆಯಲ್ಲಿ, ಕ್ಯಾಸೆಟ್ಟಿನ ಹೊದಿಕೆಯಲ್ಲಿ, ಜಾತ್ರೆಯ ಕರಪತ್ರದಲ್ಲಿ ‘ಮತ್ತು ಸಂಗಡಿಗರು’ ಎಂದು ಬಂದ ಕೂಡಲೇ ಸಾಮಾನ್ಯ ಕೇಳುಗನ ಕುತೂಹಲ ಮುಗಿಯುತ್ತದೆ, ಶೋಧಕನದು ಅಲ್ಲಿಂದ ಆರಂಭವಾಗುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ದೊಡ್ಡಬೆಳವಂಗಲದಲ್ಲಿ ಈ ವರ್ಗದ ಪರಿಪೂರ್ಣ ಮಾದರಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆತ ಬಹುಮಟ್ಟಿಗೆ ನಿವೃತ್ತ ಗ್ರಾಮಲೆಕ್ಕಿಗನಾಗಿರುತ್ತಾನೆ. ಏಕೆಂದರೆ ಎದುರಿಗೆ ನಿಂತವರನ್ನು ‘ಯಾವೂರು, ಯಾರ ಪೈಕಿ’ ಎಂದು ಕೇಳುವ ಸುತ್ತಲಿನ ಹಳ್ಳಿಗಳ ಸಹಜ ಅಭ್ಯಾಸಕ್ಕೆ ಸರ್ಕಾರಿ ಸಂಬಳವೂ ಸೇರಿದಾಗ ಉಂಟಾಗುವ ಪಾಂಡಿತ್ಯ ನಿವೃತ್ತಿಯ ದಿನಾಂಕಕ್ಕೆ ನಿಲ್ಲುವಂಥದ್ದಲ್ಲ. ಪಹಣಿಯ ಕಲಮುಗಳು ಕೈತಪ್ಪಿದ ಮೇಲೆ ಆ ಪಾಂಡಿತ್ಯ ಎಲ್‌ಪಿ ತಟ್ಟೆಗಳ ಮೇಲೆ, ಅಂದರೆ ನಿಮಿಷಕ್ಕೆ ಮೂವತ್ತಮೂರು ಸುತ್ತಿಗೆ ತುಸು ಹೆಚ್ಚು ತಿರುಗುವ, ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷದಷ್ಟು ಸಂಗೀತ ಹಿಡಿಸುವ ಆ ಕರಿಯ ಬಿಲ್ಲೆಗಳ ಮೇಲೆ ಬಂದು ಎರಗುತ್ತದೆ.

ಇಂಥವನ ಕೈಗೆ ಬೆಂಗಳೂರಿನ ಚಿಕ್ಕಪೇಟೆಯ ಸಂಡೆ ಬಜಾರಿನಿಂದ ‘ಜ್ಯೋತಿ’ ಎಂಬ ತಟ್ಟೆ ಬಂದರೆ ಮನೆಯ ನೆಮ್ಮದಿ ಹೋಯಿತೆಂದೇ ತಿಳಿಯಬೇಕು. ಮ್ಯೂನಿಕ್ ನಗರದ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ಈ ಜಂಟಿ ಧ್ವನಿಮುದ್ರಣದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಒಂದು ಕಡೆ, ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಇನ್ನೊಂದು ಕಡೆ. ನಾಗಸ್ವರವನ್ನು ಶ್ರದ್ಧೆಯಿಂದ ಕಲಿತಿದ್ದ ಮರಿಯಾನೋ ಬಗ್ಗೆ ಶೋಧಕನಿಗೆ ತಕರಾರಿಲ್ಲ. ವಾಲಗದ ಸಹವಾಸ ಮಾಡಿದವರು ಯಾವ ಖಂಡದಲ್ಲಿ ಹುಟ್ಟಿದರೂ ನಮ್ಮವರೇ. ಆತನನ್ನು ಕಂಗೆಡಿಸುವುದು ‘ಕಾಲೇಜು’. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು ತಾಳವಾದ್ಯಗಳ ಶಿಕ್ಷಣಕ್ಕೆಂದು ಬೆಂಗಳೂರಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದ್ದು 1964ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷವಾದ್ದರಿಂದ ಒಂದು ಮತ್ತೊಂದಕ್ಕೆ ಸಂಯೋಜಿತವಾಗಿರಲೇಬೇಕೆಂದು ಆತ ತರ್ಕಿಸುತ್ತಾನೆ. ಹಾಗಿದ್ದರೆ ಹಾಜರಿ ಪುಸ್ತಕ ಇರಬೇಕು, ಹಾಜರಿ ಪುಸ್ತಕ ಇದ್ದರೆ ಹೆಸರುಗಳೂ ಇರಬೇಕು. ಕಾಗದಪತ್ರದಲ್ಲಿ ಆಯುಷ್ಯ ಕಳೆದವರ ತರ್ಕ ಸಾಗುವುದೇ ಹೀಗೆ, ಅದರ ನಡುವೆ ಮೃದಂಗ ಎಲ್ಲಿಯೂ ಕೇಳಿಸುವುದಿಲ್ಲ.

ಶೋಧಕನ ಮೇರುಕೃತಿ ಎಂದರೆ ವಂಶವೃಕ್ಷ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವಾಗ, ನಾಡಕಚೇರಿಯಲ್ಲಿ ಕೇಳುವ ಕುಟುಂಬದ ಪಟ್ಟಿಯೇ ವಂಶವೃಕ್ಷ. ಅದೇ ನಮೂನೆಯನ್ನು ಆತ ಈ ಕಾಲೇಜಿನ ಜೊತೆ ನಂಟಿದ್ದ ಜರ್ಮನಿಯ ವಾದ್ಯತಂಡಗಳಿಗೆ ಅನ್ವಯಿಸುತ್ತಾನೆ. ಮೂಲಪುರುಷ ‘ಎಂಬ್ರಿಯೋ’, ಸಾಕಿನ್ ಮ್ಯೂನಿಕ್, ಸ್ಥಾಪನೆ 1969, ಯಜಮಾನ ಡ್ರಮ್ ವಾದಕ ಕ್ರಿಶ್ಚಿಯನ್ ಬುರ್ಚಾರ್ಡ್. ಈ ತಂಡದವರು 1978ರಲ್ಲಿ ಹೊರಟು, ರಸ್ತೆ ಹಿಡಿದೇ ಭಾರತದವರೆಗೆ ಬಂದು, ದಾರಿಯುದ್ದಕ್ಕೂ ಸಿಕ್ಕ ಕಲಾವಿದರ ಜೊತೆ ನುಡಿಸಿದವರು. ‘ಯಾರ ಪೈಕಿ’ ಎಂದು ಕೇಳದೆ ಎಲ್ಲರೊಡನೆ ಕೂರುವ ಈ ಸ್ವಭಾವ ಶೋಧಕನಿಗೆ ಶುದ್ಧ ಬೇಜವಾಬ್ದಾರಿಯಾಗಿ ಕಾಣುತ್ತದೆ. ಮುಂದೆ 1981ರಲ್ಲಿ ಇದೇ ಮನೆಯಿಂದ ಹೊರಬಂದವರು ‘ಡಿಸ್ಸಿಡೆಂಟನ್’ ಎಂಬ ತಂಡ ಕಟ್ಟಿ, ಮರುವರ್ಷವೇ ನಮ್ಮ ಕರ್ನಾಟಕ ಕಾಲೇಜಿನವರ ಜೊತೆ ‘ಜರ್ಮನಿಸ್ತಾನ್’ ಎಂಬ ತಟ್ಟೆ ಮಾಡಿದರು. ‘ಭಾಗ ಆಗಿದೆ’ ಎಂದು ಆತ ಅಂಚಿನಲ್ಲಿ ಬರೆದುಕೊಳ್ಳುತ್ತಾನೆ. ಪಿತ್ರಾರ್ಜಿತದಲ್ಲಿ ಯಾರಿಗೆ ಏನು ಬಂತು, ಹಳೆ ಮನೆಯವರಿಗೂ ಹೊಸ ಮನೆಯವರಿಗೂ ಹೋಗಿಬರುವ ಬಳಕೆ ಉಳಿದಿದೆಯೇ ಎಂಬ ಪ್ರಶ್ನೆಗಳು ಮಾತ್ರ ತನಿಖೆಗೆ ಬಾಕಿ. ‘ಅವ್ರೇನು ನಮ್ಮನೆ ಮದುವೆಗೆ ಬರ್ತಾರೇನ್ರಿ?’ ಎಂದು ಹೆಂಡತಿ ಕೇಳುವ ಪ್ರಶ್ನೆಗೆ ಆತನಲ್ಲಿ ಉತ್ತರವಿಲ್ಲ, ಇದ್ದರೂ ಆ ನಮೂನೆಯಲ್ಲಿ ಅದಕ್ಕೆ ಕಲಮಿಲ್ಲ.

ಇಂಥ ಜಂಟಿ ತಟ್ಟೆಗಳಲ್ಲಿ ಅಜ್ಞಾತರು ಯಾರೆಂಬುದು ಕೇಳುಗ ಎಲ್ಲಿ ಕುಳಿತಿದ್ದಾನೆ ಎಂಬುದನ್ನು ಅವಲಂಬಿಸಿರುತ್ತದೆ. ದೊಡ್ಡಬೆಳವಂಗಲದಲ್ಲಿ ಎಂಬ್ರಿಯೋ ಯಾರಿಗೂ ಗೊತ್ತಿಲ್ಲ, ಮ್ಯೂನಿಕ್ಕಿನಲ್ಲಿ ಖಂಜಿರ ಬಾರಿಸಿದವರು ಗೊತ್ತಿಲ್ಲ. ಅಲ್ಲಿಯೂ ಇದೇ ವರ್ಗದ ಒಬ್ಬ ನಿವೃತ್ತ, ಕನ್ನಡಕವನ್ನು ಹಣೆಗೇರಿಸಿ, ಕರ್ನಾಟಕವೆಂಬುದು ಊರೋ ರಾಗವೋ ಎಂದು ತಲೆ ಕೆಡಿಸಿಕೊಂಡಿರುವ ಸಾಧ್ಯತೆ ಬಲವಾಗಿದೆ. ಇಬ್ಬರೂ ಒಂದು ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತರೆ ನೆಲಮಂಗಲ ಬರುವಷ್ಟರಲ್ಲಿ ಎರಡು ಸಂಶೋಧನೆಗಳೂ ಮುಗಿದುಹೋಗುತ್ತವೆ. ಅದೃಷ್ಟವಶಾತ್ ಅವರಿಬ್ಬರೂ ಭೇಟಿಯಾಗುವುದಿಲ್ಲ.

ಶೋಧಕನ ಸಂಕಷ್ಟಕ್ಕೆ ಮೂಲ ಕಾರಣವನ್ನೂ ಇಲ್ಲಿ ದಾಖಲಿಸಬೇಕು. ಬಜಾರಿನಲ್ಲಿ ತಟ್ಟೆಯೊಂದು, ಹೊದಿಕೆಯೊಂದು ಆಗುವುದು ಸಾಮಾನ್ಯ. ಆತನ ‘ಜ್ಯೋತಿ’ ಬಂದದ್ದು ಯಾವುದೋ ಸಿನಿಮಾ ಹಾಡುಗಳ ಕವರಿನೊಳಗೆ. ಸರಿಯಾದ ಕವರು ಉಳ್ಳವರಿಗೆ ಹೆಸರುಗಳನ್ನು ಹುಡುಕುವ ಪ್ರಮೇಯವೇ ಇಲ್ಲ: ಗಾಯನ ಮತ್ತು ತಂಬೂರಿ ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಚಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್, ಕೊನೆಯ ಇಬ್ಬರದು ಕೊನ್ನಕ್ಕೋಲ್ ಕೂಡ, ಅಂದರೆ ತಾಳದ ಸೊಲ್ಲುಗಳನ್ನು ವಾದ್ಯವಿಲ್ಲದೆ ಬಾಯಲ್ಲೇ ನುಡಿಯುವ ಕಲೆ. ಯುಗಾದಿಗೆ ಊರಿಗೆ ಬಂದ ಸೊಸೆ ಇದಿಷ್ಟನ್ನೂ ಮೊಬೈಲಿನಲ್ಲಿ ಹುಡುಕಿ, ಒಬ್ಬಟ್ಟು ಬೇಯುವಷ್ಟರಲ್ಲಿ ಓದಿ ಹೇಳಿದರೆ ಆತನಿಗೆ ಆಗುವುದು ಸಂತೋಷವಲ್ಲ, ಜೀವಮಾನದ ಕಡತವನ್ನು ಯಾರೋ ಒಂದೇ ಷರಾದಲ್ಲಿ ವಿಲೇವಾರಿ ಮಾಡಿದಂಥ ಅವಮಾನ.

ಆದರೆ ಈ ವರ್ಗದವರು ಉತ್ತರ ಸಿಕ್ಕಿತೆಂದು ಕಡತ ಮುಚ್ಚಿದ ದಾಖಲೆ ಇಲ್ಲ. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಮೊದಲೇ ಆತ ಚೇತರಿಸಿಕೊಂಡು ವಿಚಾರಣೆ ಮುಂದುವರಿಸುತ್ತಾನೆ: ‘ಆಯ್ತಮ್ಮಾ, ಅಲ್ಲಿ ಘಟ ಅಂತ ಬರೆದವ್ರಲ್ಲ, ಆ ಮಡಕೆ ಯಾವೂರು ಕುಂಬಾರ್ರು ಮಾಡಿದ್ದು, ಅದೇನಾದ್ರೂ ಹಾಕವ್ರಾ ನೋಡು.’