ಮುಚ್ಚಳ ಇಲ್ಲದ ಸಂಪು

ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇರುವವರಿಗೆ ಕಟ್ಟಡದ ಕಷ್ಟ ಗೊತ್ತಿಲ್ಲ. ಬ್ರಿಟಿಷರು 1940ರ ದಶಕದಲ್ಲಿ, ಗಂಟುಮೂಟೆ ಕಟ್ಟುವ ಮುನ್ನವೂ ಪುರುಸೊತ್ತಾಗಿ ಕಮಾನು ಕಟ್ಟಿಟ್ಟು ಹೋದರು. ಈಗ ಹೊರಗೋಡೆಗೆ ಚಿತ್ರ ಬರೆಯಲು ದೇಶವಿದೇಶದ ಕಲಾವಿದರು ಬರುತ್ತಾರೆ. ನಲ್ಲಿ ಸೋರಿದರೆ ‘ಎನ್‌ಕ್ವೈರಿ’ ಎಂಬ ದುರಸ್ತಿ ಕಚೇರಿಯಲ್ಲಿ ದೂರು ಬರೆಸಿದರಾಯಿತು. ಗೋಡೆಗೊಂದು ಮೊಳೆ ಹೊಡೆಯಲೂ ಹಿಂದೆಮುಂದೆ ನೋಡುವ ನಾವು, ನಿವೃತ್ತಿ ಹತ್ತಿರವಾದಂತೆ ಮೈಸೂರಿನ ಸೈಟಿನಲ್ಲಿ ಮನೆ ಕಟ್ಟಿಸುತ್ತೇವೆ. ನಮ್ಮ ಮನೆಯಾಕೆ ಅಷ್ಟಕ್ಕೇ ನಿಲ್ಲಲಿಲ್ಲ. ಹಿತ್ತಲಲ್ಲಿ ಈಜುಕೊಳವೂ ಬೇಕು ಎಂದಳು.

“ಕಂಟ್ರಾಕ್ಟರ್ ಯಾಕ್ರೀ? ಅವನ ಲಾಭ ನಮಗೇ ಉಳಿಯುತ್ತೆ. ನನ್ನ ತಮ್ಮ ದಿನಾ ಹೋಗಿ ನೋಡ್ಕೊಂಡು ಬರ್ತಾನೆ. ನೀವು ಇಲ್ಲಿಂದಲೇ ವಿಡಿಯೊ ಕಾಲ್ ಮಾಡಿ ಹೇಳಿ.”

“ಏನಂತ ಹೇಳಲಿ?”

“ಸರಿಯಾಗಿ ಕಟ್ಟಿ ಅಂತ!”

ಅವಳ ಕೊಳ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಲೆಕ್ಕ ಹಾಕಿದರೆ ಸುಮಾರು 22,600 ಲೀಟರ್. ತೂಕ 22 ಟನ್ನಿಗೂ ಮಿಕ್ಕಿತು. ತುಂಬಿದಾಗ ನೀರು ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಬರಿದಾದಾಗ ಮಣ್ಣು ಒಳಕ್ಕೆ ನೂಕುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಏರಿದರೆ ಖಾಲಿ ಕೊಳ ದೋಣಿಯ ಹಾಗೆ ಮೇಲೇಳುವುದೂ ಉಂಟು. ನಮ್ಮ ಸಂಪು ಕಟ್ಟಿದ ಮೇಸ್ತ್ರಿಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ: “ಇದೂ ಅದೇ ಸಾರ್, ಮುಚ್ಚಳ ಇಲ್ಲ ಅಷ್ಟೆ.”

ಸ್ವಂತ ಉಸ್ತುವಾರಿಯೆಂದರೆ ಸಿಮೆಂಟನ್ನು ಚೌಕಾಸಿ ಮಾಡಿ ಕೊಳ್ಳುವುದಲ್ಲ, ಜನರನ್ನು ಸರದಿ ತಪ್ಪದಂತೆ ಕರೆಸುವುದು. ಅಗೆಯುವವರ ಹಿಂದೆ ಕಂಬಿ ಕಟ್ಟುವವರು ಬರಬೇಕು. ಕಾಂಕ್ರೀಟ್ ಸುರಿಯುವ ಮೊದಲೇ ಪ್ಲಂಬರ್ ಪೈಪು ಕೂರಿಸಬೇಕು. ಆಮೇಲೆ ಕ್ಯೂರಿಂಗ್, ವಾಟರ್‌ಪ್ರೂಫಿಂಗ್, ಕೊನೆಗೆ ಟೈಲ್ಸ್. ಪ್ಲಂಬರನ ಊರಿನಲ್ಲಿ ಸರಿಯಾಗಿ ಪೈಪು ಕೂರಿಸುವ ದಿನವೇ ಜಾತ್ರೆ. ಅವನಿಲ್ಲದೆ ಕಾಂಕ್ರೀಟ್ ಬಿದ್ದರೆ ಮತ್ತೆ ಒಡೆಯಬೇಕು. ಒಡೆದು ತೇಪೆ ಹಾಕಿದ ಕಡೆಯೇ ಸೋರಿಕೆ ಶುರು. ಇದನ್ನೆಲ್ಲ ವಿಡಿಯೊದಲ್ಲಿ ಹಿಡಿಯಬಹುದೇ? ಮನೆಯ ತಳಪಾಯ ತೋರಿಸಲೆಂದು ಭಾವಮೈದುನ ಫೋನು ತಿರುಗಿಸಿದಾಗ ನನಗೆ ಕಂಡದ್ದು ಅವನ ಹೆಬ್ಬೆರಳು, ಒಂದಿಷ್ಟು ಆಕಾಶ, ಎಂ-ಸ್ಯಾಂಡ್ ಗುಡ್ಡೆಯ ಮೇಲೆ ಮಲಗಿದ್ದ ಒಂದು ನಾಯಿ.

ಕಂಟ್ರಾಕ್ಟರನ ಲಾಭ ಎಂದು ನಾವು ಹೊಟ್ಟೆ ಉರಿದುಕೊಳ್ಳುವ ದುಡ್ಡು, ಪ್ಲಂಬರನ ಜಾತ್ರೆಯನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದಕ್ಕೆ ಅವನು ಪಡೆಯುವ ಕೂಲಿ. ಸೋರಿದರೆ ಬೈಯಲು ಒಬ್ಬ ಆಸಾಮಿಯೂ ಸಿಕ್ಕಂತಾಯಿತು. ಉಸ್ತುವಾರಿ ನನ್ನದೇ ಆದರೆ ಬೈಸಿಕೊಳ್ಳುವವರು ಯಾರೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಳಗ್ಗೆ ಏಳಕ್ಕೇ ಸೈಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರಬಲ್ಲವರು, ವಿನ್ಯಾಸವನ್ನೊಬ್ಬ ಎಂಜಿನಿಯರಿಂದ ಬರೆಸಿಕೊಂಡು, ತಾವೇ ಕಟ್ಟಿಸಲಿ. ದೆಹಲಿಯಲ್ಲಿರುವವರು ಕಂಟ್ರಾಕ್ಟರನಿಗೆ ಒಪ್ಪಿಸುವುದೇ ಕ್ಷೇಮ. ಯಾರೇ ಕಟ್ಟಲಿ, ಟೈಲ್ಸ್ ಅಂಟಿಸುವ ಮುನ್ನ ನೀರು ತುಂಬಿಸಿ, ಮಟ್ಟಕ್ಕೊಂದು ಗೀಟೆಳೆದು, ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಬಕೆಟ್ಟಿನದಕ್ಕಿಂತ ಕೊಳದ ನೀರು ಹೆಚ್ಚು ಇಳಿದರೆ ಅದು ಬಿಸಿಲಿನ ಕೆಲಸವಲ್ಲ. ಆ ಪರೀಕ್ಷೆ ಮುಗಿಯುವ ತನಕ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಬೇಡಿ.